ಲ್ಯಾಪ್‌ಟಾಪು ಮತ್ತು ಟ್ಯಾಬುಗಳಿಗೆ ತಕ್ಕ ಹಬ್ಬನ್ನು ಆರಿಸತಕ್ಕ ಕ್ರಮ

ಪೀಠಿಕೆ

ಹಿಂದೆ ದಪ್ಪ ದಫ್ತರಗಳಲ್ಲಿ ಬರೆದಿಡುತ್ತಿದ್ದ ಲೆಕ್ಕಪತ್ರಗಳು ಈಗ ಬಹುಮಟ್ಟಿಗೆ ಕಂಪ್ಯೂಟರನ್ನು ಸೇರಿವೆ. ಸಹಕಾರ ಸಂಘ, ಹಾಲು ಉತ್ಪಾದಕರ ಸಂಘ, ರೈತ ಉತ್ಪಾದಕ ಕಂಪನಿ ಇವೇ ಮೊದಲಾದವುಗಳ ಕಚೇರಿಗಳಲ್ಲಿ ಸದಸ್ಯರ ಪಟ್ಟಿ, ಸಾಲದ ಖಾತೆ, ಗೊಬ್ಬರ ಬೀಜಗಳ ದಾಸ್ತಾನು ಎಲ್ಲವೂ ಒಂದು ಲ್ಯಾಪ್‌ಟಾಪಿನಲ್ಲಿಯೋ ಟ್ಯಾಬಿನಲ್ಲಿಯೋ ಇರುವುದು ಸಾಮಾನ್ಯವಾಗಿದೆ. ಆದರೆ ಈ ಯಂತ್ರಗಳು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಾ ಬಂದು, ಅವುಗಳ ಪಕ್ಕದಲ್ಲಿದ್ದ ನಾನಾ ವಿಧವಾದ ಪೋರ್ಟುಗಳು ಒಂದೊಂದಾಗಿ ಇಲ್ಲವಾಗಿವೆ. ೨೦೧೫ನೆಯ ಇಸವಿಯಲ್ಲಿ ಆಪಲ್ ಕಂಪನಿಯವರು ಹೊರತಂದ ಮ್ಯಾಕ್‌ಬುಕ್ಕಿನಲ್ಲಿ, ಕಿವಿಗೆ ಹಾಕುವ ಹೆಡ್‌ಫೋನಿನ ರಂಧ್ರವನ್ನು ಬಿಟ್ಟರೆ, ಇದ್ದುದು ಟೈಪ್-ಸಿ ಎಂಬ ಒಂದೇ ಒಂದು ಪೋರ್ಟು. ಅನಂತರ ಬೇರೆ ಕಂಪನಿಗಳವರೂ ಅದೇ ದಾರಿಯನ್ನು ಹಿಡಿದರು.

ಹೀಗಿರುವಲ್ಲಿ ಕಚೇರಿಯಲ್ಲಿ ಮೊದಲಿನಿಂದಲೂ ಇರುವ ಪ್ರಿಂಟರು, ಹೆಬ್ಬೆರಳಿನ ಗುರುತು ತೆಗೆಯುವ ಯಂತ್ರ, ಪೆನ್‌ಡ್ರೈವು, ಪ್ರೊಜೆಕ್ಟರು ಇವುಗಳನ್ನು ಹೊಸ ಯಂತ್ರಕ್ಕೆ ಜೋಡಿಸುವುದು ಹೇಗೆಂಬ ಪ್ರಶ್ನೆ ಏಳುವುದು. ಇದಕ್ಕಾಗಿ ಪೇಟೆಯಲ್ಲಿ ದೊರೆಯುವ ಸಾಧನವೇ ಬಹುಪೋರ್ಟಿನ ಹಬ್. ಇದರ ಬೆಲೆ ಲ್ಯಾಪ್‌ಟಾಪಿನ ಬೆಲೆಯ ಮುಂದೆ ಅಲ್ಪವೇ ಸರಿ. ಆದಾಗ್ಯೂ ತಕ್ಕದ್ದಲ್ಲದ ಹಬ್ಬನ್ನು ಕೊಂಡಲ್ಲಿ ವಾರ್ಷಿಕ ಸಭೆಯ ದಿನ ಪರದೆಯ ಮೇಲೆ ಲೆಕ್ಕ ಮೂಡದೆ ಹೋಗಬಹುದು. ಲೆಕ್ಕವನ್ನು ಪ್ರತಿ ಮಾಡಿಕೊಳ್ಳುತ್ತಿರುವಾಗಲೇ ಡಿಸ್ಕು ಕಡಿದುಹೋಗಿ ಸದಸ್ಯರ ಖಾತೆಯೇ ಕೆಡಬಹುದು. ಆದಕಾರಣ ಹಬ್ಬನ್ನು ಆರಿಸುವ ಕ್ರಮವನ್ನು ಸಂಘಗಳ ಕಾರ್ಯದರ್ಶಿಗಳೂ, ಸ್ವಂತಕ್ಕೆ ಲ್ಯಾಪ್‌ಟಾಪನ್ನು ಇಟ್ಟುಕೊಂಡಿರುವ ರೈತ ಬಾಂಧವರೂ, ಅವರ ಮಕ್ಕಳೂ ತಿಳಿದುಕೊಳ್ಳುವುದು ಉಚಿತವಾಗಿದೆ.

ಹಬ್ ಎಂದರೇನು?

ಒಂದು ಕೊನೆಯಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸತಕ್ಕ ಗಿಡ್ಡ ಕೇಬಲ್ಲೂ, ಇನ್ನೊಂದು ಕಡೆ ನಾಲ್ಕರಿಂದ ಹತ್ತರವರೆಗೆ ನಾನಾ ಆಕಾರದ ಪೋರ್ಟುಗಳೂ ಉಳ್ಳ ಅಂಗೈಯಗಲದ ಪೆಟ್ಟಿಗೆಗೆ ಹಬ್ ಎಂದು ಹೆಸರು. ಇದು ತಾನಾಗಿ ಏನನ್ನೂ ಉತ್ಪತ್ತಿ ಮಾಡುವುದಿಲ್ಲ. ಲ್ಯಾಪ್‌ಟಾಪಿನ ಒಂದು ಪೋರ್ಟಿನ ಮೂಲಕ ಬರುವುದನ್ನು ಹಲವು ಬಾಯಿಗಳಿಗೆ ಹಂಚುವುದಷ್ಟೇ ಇದರ ಕೆಲಸ.

ಕೆರೆಯ ಅಚ್ಚುಕಟ್ಟಿನಲ್ಲಿ ಸಾಗುವಳಿ ಮಾಡುವವರಿಗೆ ಈ ಮಾತನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ತೂಬಿನಿಂದ ಹೊರಬೀಳುವ ನೀರು ಎಷ್ಟಿರುವುದೋ ಅಷ್ಟನ್ನೇ ಕಾಲುವೆಗಳು ಗದ್ದೆಗಳಿಗೆ ಹಂಚಬಲ್ಲವು. ಕವಲುಗಾಲುವೆಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ತೂಬಿನ ನೀರು ಹೆಚ್ಚಲಾರದು. ದಾರಿಯಲ್ಲಿ ಇಂಗಿಹೋಗುವ ನೀರಿನ ಲೆಕ್ಕ ಮಾತ್ರ ಹೆಚ್ಚುವುದು. ಹಬ್ಬಿನ ವಿಷಯವೂ ಹೀಗೆಯೇ. ಲ್ಯಾಪ್‌ಟಾಪಿನ ಪೋರ್ಟು ತೂಬು, ಹಬ್ ಕಾಲುವೆ. ಪೋರ್ಟಿನಲ್ಲಿ ಇಲ್ಲದ ಗುಣವನ್ನು ಎಷ್ಟೇ ಬೆಲೆಬಾಳುವ ಹಬ್ಬಾದರೂ ಕೊಡಲಾರದು. ಅಂಗಡಿಯಲ್ಲಿ "ಏಳು ಪೋರ್ಟಿನದು", "ಹತ್ತು ಪೋರ್ಟಿನದು" ಎಂಬ ಎಣಿಕೆಗೆ ಮರುಳಾಗುವುದಕ್ಕೆ ಮೊದಲು ತಮ್ಮ ಯಂತ್ರದ ತೂಬನ್ನು ಪರೀಕ್ಷಿಸಿಕೊಳ್ಳುವುದೇ ಈ ವಿಷಯದಲ್ಲಿ ಮುಖ್ಯವಾದ ಸೂತ್ರ. ಮುಂದೆ ಹೇಳುವುದೆಲ್ಲವೂ ಇದರ ವಿವರಣೆಯೇ ಆಗಿದೆ.

ಯಂತ್ರದ ಪೋರ್ಟನ್ನು ಪರೀಕ್ಷಿಸುವುದು

ಟೈಪ್-ಸಿ ಎಂಬ ಪೋರ್ಟಿನ ನಿಯಮಗಳು ೨೦೧೪ನೆಯ ಇಸವಿಯಲ್ಲಿ ಪ್ರಕಟವಾದುವು. ಅಂಚುಗಳು ಗುಂಡಗಿರುವ ಈ ಚಿಕ್ಕ ಪೋರ್ಟಿನ ಒಳಗೆ ೨೪ ಸಂಪರ್ಕ ಬಿಂದುಗಳಿವೆ. ಮೇಲುಕೆಳಗೆಂಬ ಭೇದವಿಲ್ಲದೆ ಹೇಗೆ ಸಿಕ್ಕಿಸಿದರೂ ಕೂಡುವುದು ಇದರ ಅನುಕೂಲ. ಚಾರ್ಜು, ದತ್ತಾಂಶ, ಚಿತ್ರ ಈ ಮೂರೂ ಇದೊಂದರಲ್ಲಿಯೇ ಹಾಯಬಲ್ಲವು. ಆದರೆ 'ಹಾಯಬಲ್ಲವು' ಎಂಬುದನ್ನು 'ಹಾಯುವುವು' ಎಂದು ತಿಳಿಯುವುದರಿಂದಲೇ ಬಹಳ ಜನ ನಷ್ಟಕ್ಕೆ ಒಳಗಾಗುತ್ತಾರೆ. ಟೈಪ್-ಸಿ ಎಂಬುದು ಪೋರ್ಟಿನ ಆಕಾರದ ಹೆಸರು. ಅದರ ಒಳಗಿನ ಶಕ್ತಿಯು ಒಂದೊಂದು ಯಂತ್ರದಲ್ಲಿ ಒಂದೊಂದು ವಿಧವಾಗಿರುವುದು. ನೋಟಕ್ಕೆ ಒಂದೇ ಆಗಿರುವ ಎರಡು ಬಗೆಯ ಬಿತ್ತನೆ ಬೀಜಗಳು ಹೊಲದಲ್ಲಿ ಬೇರೆಬೇರೆ ಫಲವನ್ನು ಕೊಡುವಂತೆಯೇ ಇದು.

ಇದಕ್ಕೆ ಐಪ್ಯಾಡ್ ಎಂಬ ಟ್ಯಾಬೇ ಒಳ್ಳೆಯ ನಿದರ್ಶನ. ೨೦೧೮ರ ಐಪ್ಯಾಡ್ ಪ್ರೋದ ಟೈಪ್-ಸಿ ಪೋರ್ಟಿನಲ್ಲಿ ಸೆಕೆಂಡಿಗೆ ೧೦ ಗಿಗಾಬಿಟ್ಟಿನವರೆಗೆ ದತ್ತಾಂಶವು ಹಾಯುವುದು. ಅದಕ್ಕಿಂತ ನಾಲ್ಕು ವರ್ಷ ಈಚೆಗೆ, ೨೦೨೨ರಲ್ಲಿ ಬಂದ ಹತ್ತನೆಯ ತಲೆಮಾರಿನ ಸಾಧಾರಣ ಐಪ್ಯಾಡಿನಲ್ಲಿ ಅದೇ ಆಕಾರದ ಪೋರ್ಟಿದ್ದರೂ ವೇಗವು ೪೮೦ ಮೆಗಾಬಿಟ್ ಮಾತ್ರ. ಎಂದರೆ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ೨೦೨೧ರಲ್ಲಿ ಬಂದ ಒಂಬತ್ತನೆಯ ತಲೆಮಾರಿನದರಲ್ಲಿ ಪೋರ್ಟಿನ ಆಕಾರವೇ ಬೇರೆ. ಅದು ಲೈಟ್ನಿಂಗ್ ಎಂಬ ಜಾತಿಯದಾದ್ದರಿಂದ ಟೈಪ್-ಸಿ ಹಬ್ ಅದಕ್ಕೆ ಕೂಡುವುದೇ ಇಲ್ಲ. ಇನ್ನು ಕಡಮೆ ಬೆಲೆಯ ಆಂಡ್ರಾಯ್ಡ್ ಟ್ಯಾಬುಗಳಲ್ಲಿ ಅನೇಕವು ಟೈಪ್-ಸಿಯ ಮೂಲಕ ಚಿತ್ರವನ್ನು ಹೊರಗೆ ಕಳುಹಿಸುವುದಿಲ್ಲ. ಅಂತಹ ಟ್ಯಾಬಿಗೆ ಪ್ರೊಜೆಕ್ಟರಿನ ಪೋರ್ಟುಳ್ಳ ಹಬ್ಬನ್ನು ಜೋಡಿಸಿದರೆ ಪೆನ್‌ಡ್ರೈವು ನಡೆದೀತೇ ಹೊರತು ಪರದೆಯ ಮೇಲೆ ಏನೂ ಮೂಡದು. ತಪ್ಪು ಹಬ್ಬಿನದೆಂದು ಅದನ್ನು ಬದಲಾಯಿಸುತ್ತಾ ಹೋದರೆ ಹಣ ವೆಚ್ಚವಾಗುವುದೇ ವಿನಾ ಫಲವಿಲ್ಲ.

ಆದುದರಿಂದ ತಮ್ಮ ಯಂತ್ರದ ಪೋರ್ಟಿನ ವಿಷಯದಲ್ಲಿ ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟುಕೊಳ್ಳತಕ್ಕದ್ದು:—

(೧) ಈ ಪೋರ್ಟಿನ ಮೂಲಕ ಯಂತ್ರಕ್ಕೆ ಚಾರ್ಜು ಆಗುವುದೇ? ಆಗುವುದಾದರೆ ಎಷ್ಟು ವ್ಯಾಟ್ ಬೇಕು?

(೨) ಈ ಪೋರ್ಟಿನಿಂದ ಚಿತ್ರವು ಹೊರಗೆ ಬರುವುದೇ?

(೩) ದತ್ತಾಂಶದ ವೇಗವೆಷ್ಟು?

ಯಂತ್ರದ ಸಂಗಡ ಬಂದ ಕೈಪಿಡಿಯಲ್ಲಿಯೂ, ತಯಾರಕರು ಪ್ರಕಟಿಸುವ ಗುಣಲಕ್ಷಣಗಳ ಪಟ್ಟಿಯಲ್ಲಿಯೂ ಇವುಗಳಿಗೆ ಉತ್ತರ ದೊರೆಯುವುದು. ಪಟ್ಟಿಯಲ್ಲಿ 'ಪವರ್ ಡೆಲಿವರಿ' ಎಂದಿದ್ದರೆ ಚಾರ್ಜಿನ ಮಾತು. 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಎಂದಿದ್ದರೆ ಚಿತ್ರದ ಮಾತು. ಕೆಲವು ಲ್ಯಾಪ್‌ಟಾಪುಗಳಲ್ಲಿ ಪೋರ್ಟಿನ ಪಕ್ಕದಲ್ಲಿಯೇ ಗುರುತುಗಳಿರುವುವು. ಮಿಂಚಿನ ಗುರುತಿದ್ದರೆ ಅದು ಸಾಮಾನ್ಯವಾಗಿ ಥಂಡರ್‌ಬೋಲ್ಟ್ ಎಂಬ ಮೇಲ್ತರಗತಿಯ ಪೋರ್ಟು. ಅದರಲ್ಲಿ ಚಿತ್ರವೂ ದತ್ತಾಂಶವೂ ಎರಡೂ ಹಾಯುವುವು. ಎರಡು ಟೈಪ್-ಸಿ ಪೋರ್ಟುಗಳಿರುವ ಲ್ಯಾಪ್‌ಟಾಪಿನಲ್ಲಿ ಎರಡೂ ಸಮಾನವೆಂದು ನಂಬತಕ್ಕದ್ದಲ್ಲ. ಒಂದರಲ್ಲಿ ಚಿತ್ರ ಬಂದು ಇನ್ನೊಂದರಲ್ಲಿ ಬಾರದಿರುವುದೂ ಉಂಟು. ಹಾಗೆಯೇ ದುಂಡು ಮೊನೆಯ ಹಳೆಯ ಮಾದರಿಯ ಚಾರ್ಜರುಳ್ಳ ಲ್ಯಾಪ್‌ಟಾಪುಗಳಲ್ಲಿ ಟೈಪ್-ಸಿ ಪೋರ್ಟಿದ್ದರೂ ಅದರ ಮೂಲಕ ಚಾರ್ಜು ಆಗದಿರುವುದುಂಟು.

ಅವಶ್ಯಕತೆಗಳ ಪಟ್ಟಿ

ಎರಡನೆಯದಾಗಿ ಮಾಡಬೇಕಾದುದು ಜೋಡಿಸಬೇಕಾದ ವಸ್ತುಗಳ ಪಟ್ಟಿ. ಒಂದು ಹಾಲು ಉತ್ಪಾದಕರ ಸಂಘದ ಕಚೇರಿಯನ್ನು ನಿದರ್ಶನಕ್ಕೆ ಇಟ್ಟುಕೊಳ್ಳಬಹುದು. ಅಲ್ಲಿ ಪ್ರಿಂಟರು ಒಂದು, ಹೆಬ್ಬೆರಳಿನ ಗುರುತಿನ ಯಂತ್ರ ಒಂದು, ಲೆಕ್ಕದ ಪ್ರತಿಯನ್ನು ಇಡುವ ಹೊರಡಿಸ್ಕು ಒಂದು. ಇವು ಮೂರಕ್ಕೂ ಬೇಕಾದುದು ಟೈಪ್-ಎ ಎಂಬ ಚಪ್ಪಟೆಯ ಹಳೆಯ ಯು.ಎಸ್.ಬಿ. ಪೋರ್ಟು. ಸಭೆಯ ದಿನ ಪ್ರೊಜೆಕ್ಟರಿಗೆ ಎಚ್.ಡಿ.ಎಂ.ಐ. ಪೋರ್ಟು ಬೇಕು. ತಂತಿಯ ಮೂಲಕ ಇಂಟರ್ನೆಟ್ಟಿರುವಲ್ಲಿ ಈಥರ್‌ನೆಟ್ ಪೋರ್ಟು ಬೇಕು. ಇವೆಲ್ಲ ಜೋಡಣೆಯಾಗಿರುವಾಗಲೇ ಲ್ಯಾಪ್‌ಟಾಪಿಗೆ ಚಾರ್ಜು ಆಗುತ್ತಿರಬೇಕು.

ಪಟ್ಟಿಯನ್ನು ಬರೆಯುವಾಗ ಪ್ರತಿಯೊಂದು ವಸ್ತುವಿನ ಕೇಬಲ್ಲಿನ ತುದಿಯನ್ನು ಕಣ್ಣಾರೆ ನೋಡಿ ಬರೆಯುವುದು ಮೇಲು. ಹಳೆಯ ಪ್ರೊಜೆಕ್ಟರುಗಳಲ್ಲಿ ಎಚ್.ಡಿ.ಎಂ.ಐ. ಇಲ್ಲದೆ, ೧೫ ರಂಧ್ರಗಳುಳ್ಳ ವಿ.ಜಿ.ಎ. ಪೋರ್ಟು ಮಾತ್ರ ಇರಬಹುದು. ಅದರಲ್ಲಿ ಚಿತ್ರ ಮಾತ್ರ ಹಾಯುವುದು, ಧ್ವನಿ ಹಾಯುವುದಿಲ್ಲವೆಂಬುದನ್ನೂ ನೆನಪಿನಲ್ಲಿಡತಕ್ಕದ್ದು. ತೂಕದ ಯಂತ್ರ, ಹಾಲಿನ ಜಿಡ್ಡಿನಂಶವನ್ನು ಅಳೆಯುವ ಯಂತ್ರ ಇವುಗಳಲ್ಲಿ ಕೆಲವಕ್ಕೆ ೯ ಕಡ್ಡಿಗಳುಳ್ಳ ಸೀರಿಯಲ್ ಪೋರ್ಟು ಇರುವುದು. ಸಾಮಾನ್ಯ ಹಬ್ಬುಗಳಲ್ಲಿ ಈ ಪೋರ್ಟು ಇರುವುದಿಲ್ಲವಾದ್ದರಿಂದ ಸೀರಿಯಲ್ಲನ್ನು ಯು.ಎಸ್.ಬಿ.ಗೆ ಮಾರ್ಪಡಿಸುವ ಪ್ರತ್ಯೇಕ ಕೇಬಲ್ಲನ್ನು ಕೊಂಡು ಹಬ್ಬಿನ ಟೈಪ್-ಎ ಪೋರ್ಟಿಗೆ ಹಾಕಬೇಕಾಗುವುದು.

ಪಟ್ಟಿಯಲ್ಲಿ ಒಂದೇ ವಸ್ತುವಿದ್ದರೆ ಹಬ್ಬೇ ಬೇಡ. ಪೆನ್‌ಡ್ರೈವು ಒಂದನ್ನೇ ಜೋಡಿಸುವವರಿಗೆ ಟೈಪ್-ಸಿಯಿಂದ ಟೈಪ್-ಎಗೆ ಮಾರ್ಪಡಿಸುವ ಸಣ್ಣ ಅಡಾಪ್ಟರು ಸಾಕು. ಎರಡು ಎತ್ತಿನ ಕೆಲಸಕ್ಕೆ ಆರು ಎತ್ತನ್ನು ಕಟ್ಟುವುದು ಮಿತವ್ಯಯವಲ್ಲ. ಇದಕ್ಕೆ ವಿರುದ್ಧವಾಗಿ, ಮೇಜನ್ನು ಬಿಟ್ಟು ಕದಲದಂತೆ ಎಂಟು ಹತ್ತು ವಸ್ತುಗಳನ್ನು ದಿನವೆಲ್ಲ ಜೋಡಿಸಿಡುವ ಕಚೇರಿಗೆ, ಗೋಡೆಯ ಪ್ಲಗ್ಗಿನಿಂದ ನೇರವಾಗಿ ತನ್ನದೇ ವಿದ್ಯುಚ್ಛಕ್ತಿಯನ್ನು ಪಡೆಯುವ ಡಾಕ್ ಎಂಬ ದೊಡ್ಡ ಸಾಧನವು ಹೆಚ್ಚು ಭದ್ರವಾದುದು.

ವಿದ್ಯುಚ್ಛಕ್ತಿಯ ಲೆಕ್ಕ

ಹಬ್ಬಿಗೆ ಚಾರ್ಜರನ್ನು ಜೋಡಿಸದೆ ಇರುವಾಗ, ಅದಕ್ಕೂ ಅದಕ್ಕೆ ಸಿಕ್ಕಿಸಿದ ಸಕಲ ವಸ್ತುಗಳಿಗೂ ಬೇಕಾದ ಶಕ್ತಿಯು ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ಬರಬೇಕು. ಟೈಪ್-ಸಿ ಪೋರ್ಟು ೫ ವೋಲ್ಟಿನಲ್ಲಿ ೧.೫ ಆಂಪಿಯರ್ ಕೊಟ್ಟರೆ ೭.೫ ವ್ಯಾಟ್, ೩ ಆಂಪಿಯರ್ ಕೊಟ್ಟರೆ ೧೫ ವ್ಯಾಟ್ ಆಗುವುದು. ಇನ್ನು ವೆಚ್ಚದ ಕಡೆಯನ್ನು ನೋಡಿದರೆ, ಯು.ಎಸ್.ಬಿ. ೨.೦ರ ನಿಯಮದ ಮೇರೆಗೆ ಒಂದು ವಸ್ತುವು ೨.೫ ವ್ಯಾಟಿನವರೆಗೂ, ಯು.ಎಸ್.ಬಿ. ೩.೦ರ ಮೇರೆಗೆ ೪.೫ ವ್ಯಾಟಿನವರೆಗೂ ತೆಗೆದುಕೊಳ್ಳಬಹುದು. ಒಳಗೆ ತಟ್ಟೆ ತಿರುಗುವ ಹೊರಡಿಸ್ಕುಗಳು ಈ ಮಿತಿಯ ಹತ್ತಿರಕ್ಕೆ ಹೋಗುವುದುಂಟು. ಅಂತಹ ಡಿಸ್ಕುಗಳು ಎರಡು, ಹೆಬ್ಬೆರಳಿನ ಯಂತ್ರ ಒಂದು ಸೇರಿದರೆ ಮೇಲ್ಮಿತಿಯ ಲೆಕ್ಕದಲ್ಲಿ ೧೧.೫ ವ್ಯಾಟ್ ಆಗುವುದು. ೭.೫ ವ್ಯಾಟಿನ ತೂಬಿನಿಂದ ಇದನ್ನು ಪೂರೈಸುವುದು ಸಾಧ್ಯವಿಲ್ಲ. ಹೀಗಾದಾಗ ಡಿಸ್ಕು ಟಕಟಕನೆ ಸದ್ದು ಮಾಡಿ ನಿಲ್ಲುವುದು, ಅಥವಾ ಕಾಣಿಸಿಕೊಂಡು ಮತ್ತೆ ಮರೆಯಾಗುವುದು. ಪ್ರಿಂಟರಿನಂತೆ ಗೋಡೆಯ ಪ್ಲಗ್ಗಿನಿಂದ ಶಕ್ತಿಯನ್ನು ಪಡೆಯುವ ವಸ್ತುಗಳನ್ನು ಈ ಲೆಕ್ಕದಲ್ಲಿ ಹೆಚ್ಚಾಗಿ ಗಣಿಸಬೇಕಾಗಿಲ್ಲ.

ಆದಕಾರಣ ಹೊರಡಿಸ್ಕನ್ನು ಉಪಯೋಗಿಸುವವರು, ಚಾರ್ಜರನ್ನು ಹಬ್ಬಿನ ಮೂಲಕವೇ ಹಾಯಿಸುವ ಸೌಕರ್ಯವುಳ್ಳ ಹಬ್ಬನ್ನು ಆರಿಸತಕ್ಕದ್ದು. ಇಂತಹವುಗಳಲ್ಲಿ 'ಪಿ.ಡಿ.' ಎಂದು ಗುರುತಿರುವ ಟೈಪ್-ಸಿ ಪೋರ್ಟೊಂದು ಇರುವುದು. ಅನೇಕ ಹಬ್ಬುಗಳಲ್ಲಿ ಈ ಪೋರ್ಟು ಚಾರ್ಜರಿಗೆ ಮಾತ್ರ ಮೀಸಲು. ಅದಕ್ಕೆ ಪೆನ್‌ಡ್ರೈವನ್ನು ಸಿಕ್ಕಿಸಿದರೆ ನಡೆಯದು.

ಇಲ್ಲಿ ಮತ್ತೊಂದು ಲೆಕ್ಕವಿದೆ. ಹಾದುಹೋಗುವ ಶಕ್ತಿಯಲ್ಲಿ ಒಂದು ಪಾಲನ್ನು ಹಬ್ ತನಗೂ ತನ್ನ ಪೋರ್ಟುಗಳಿಗೂ ಹಿಡಿದಿಟ್ಟುಕೊಳ್ಳುವುದು. ೧೦೦ ವ್ಯಾಟಿನದೆಂದು ಬರೆದಿರುವ ಹಬ್ಬಿನಿಂದ ಲ್ಯಾಪ್‌ಟಾಪಿಗೆ ೮೫ ವ್ಯಾಟ್ ಮಾತ್ರ ಸೇರುವುದು ಸಾಮಾನ್ಯ. ಹೀಗೆ ೧೫ ವ್ಯಾಟನ್ನು ಹಿಡಿದಿಡುವ ಹಬ್ಬಿನ ಮೂಲಕ ೬೫ ವ್ಯಾಟಿನ ಚಾರ್ಜರನ್ನು ಹಾಯಿಸಿದರೆ ಲ್ಯಾಪ್‌ಟಾಪಿಗೆ ದೊರೆಯುವುದು ೫೦ ವ್ಯಾಟ್. ಪತ್ರ ಬರೆಯುವುದಕ್ಕೆ ಇಷ್ಟು ಸಾಕು. ಭಾರಿ ಕೆಲಸ ನಡೆಯುತ್ತಿರುವಾಗ ಚಾರ್ಜರು ಸಿಕ್ಕಿಸಿದ್ದರೂ ಬ್ಯಾಟರಿ ಇಳಿಯುತ್ತಾ ಹೋಗಬಹುದು. ಆದುದರಿಂದ ಲ್ಯಾಪ್‌ಟಾಪಿಗೆ ಬೇಕಾದುದಕ್ಕಿಂತ ೧೫ ರಿಂದ ೨೦ ವ್ಯಾಟ್ ಹೆಚ್ಚಿನ ಚಾರ್ಜರನ್ನು ಇಟ್ಟುಕೊಳ್ಳುವುದು ಯುಕ್ತ. ಚಾರ್ಜರಿನ ಕೇಬಲ್ಲನ್ನೂ ಮರೆಯತಕ್ಕದ್ದಲ್ಲ. ೩ ಆಂಪಿಯರಿನ ಸಾಮಾನ್ಯ ಟೈಪ್-ಸಿ ಕೇಬಲ್ಲಿನಲ್ಲಿ ೬೦ ವ್ಯಾಟ್ ಮಾತ್ರ ಹಾಯುವುದು. ಅದಕ್ಕಿಂತ ಹೆಚ್ಚಿಗೆ ಬೇಕಾದರೆ ತನ್ನ ಶಕ್ತಿಯನ್ನು ಯಂತ್ರಕ್ಕೆ ತಿಳಿಸುವ ಚಿಪ್ಪನ್ನು ಒಳಗೊಂಡ ೫ ಆಂಪಿಯರಿನ ಕೇಬಲ್ಲು ಅವಶ್ಯಕ.

ಚಿತ್ರದ ವಿಷಯ

ಪ್ರೊಜೆಕ್ಟರಿಗಾಗಲಿ ದೊಡ್ಡ ಪರದೆಗಾಗಲಿ ಜೋಡಿಸುವವರು ಹಬ್ಬಿನ ಪೆಟ್ಟಿಗೆಯ ಮೇಲೆ '೪ಕೆ' ಎಂಬ ಮಾತಿನ ಮುಂದೆ ಏನಿದೆಯೆಂದು ಓದತಕ್ಕದ್ದು. '೩೦ ಹರ್ಟ್ಸ್' ಎಂದಿದ್ದರೆ ಚಿತ್ರವು ಸೆಕೆಂಡಿಗೆ ೩೦ ಸಾರಿ ಹೊಸದಾಗಿ ಮೂಡುವುದೆಂದೂ, '೬೦ ಹರ್ಟ್ಸ್' ಎಂದಿದ್ದರೆ ೬೦ ಸಾರಿ ಮೂಡುವುದೆಂದೂ ಅರ್ಥ. ೪ಕೆ ಪರದೆಯ ಮುಂದೆ ದಿನವೆಲ್ಲ ಕುಳಿತು ಕೆಲಸ ಮಾಡುವವರಿಗೆ ೩೦ ಹರ್ಟ್ಸಿನಲ್ಲಿ ಮೌಸಿನ ಬಾಣವು ತಡೆತಡೆದು ಚಲಿಸುವಂತೆ ಕಂಡು ಬೇಸರವಾಗುವುದು. ಅವರು ೬೦ ಹರ್ಟ್ಸಿನದನ್ನೇ ಆರಿಸಬೇಕು. ಸಭೆಯಲ್ಲಿ ಲೆಕ್ಕ ತೋರಿಸುವ ಸಾಧಾರಣ ಪ್ರೊಜೆಕ್ಟರಿಗೆ ೪ಕೆಯ ಅವಶ್ಯಕತೆಯೇ ಇಲ್ಲವಾದ್ದರಿಂದ ಅಗ್ಗದ ಹಬ್ಬೂ ಸಾಕಾಗುವುದು.

ತೂಬಿನ ನಿಯಮವು ಇಲ್ಲಿ ಸ್ಪಷ್ಟವಾಗಿ ಕಾಣುವುದು. ಪೂರ್ಣ ಶಕ್ತಿಯ ಟೈಪ್-ಸಿ ಪೋರ್ಟಿನಲ್ಲಿ ವೇಗದ ಹಾದಿಗಳು ನಾಲ್ಕು. ಸಾಮಾನ್ಯ ಹಬ್ಬು ಇವುಗಳಲ್ಲಿ ಎರಡನ್ನು ಚಿತ್ರಕ್ಕೂ ಎರಡನ್ನು ದತ್ತಾಂಶಕ್ಕೂ ಹಂಚುವುದು. ಕೆಲವು ಹಬ್ಬುಗಳು ನಾಲ್ಕನ್ನೂ ಚಿತ್ರಕ್ಕೇ ಕೊಟ್ಟುಬಿಡುವುವು. ಆಗ ದತ್ತಾಂಶಕ್ಕೆ ಉಳಿಯುವುದು ಪ್ರತ್ಯೇಕವಾಗಿರುವ ಹಳೆಯ ೪೮೦ ಮೆಗಾಬಿಟ್ಟಿನ ಹಾದಿ ಮಾತ್ರ. ಆದುದರಿಂದ ಚಿತ್ರವು ಬಹಳ ಚೆನ್ನಾಗಿ ಬರುವ ಹಬ್ಬಿನಲ್ಲಿ ಡಿಸ್ಕು ನಿಧಾನವಾದರೆ ಅದನ್ನು ಕೆಟ್ಟ ಸಾಮಾನೆಂದು ತಿಳಿಯಬೇಕಾಗಿಲ್ಲ. ನೀರೆಲ್ಲವೂ ಒಂದು ಗದ್ದೆಗೆ ಹೋಗಿದೆಯೆಂದಷ್ಟೇ ತಿಳಿಯಬೇಕು. ಕೊಳ್ಳುವವರು ತಮಗೆ ಇವೆರಡರಲ್ಲಿ ಯಾವುದು ಮುಖ್ಯವೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಎರಡು ಎಚ್.ಡಿ.ಎಂ.ಐ. ಪೋರ್ಟುಗಳುಳ್ಳ ಹಬ್ಬುಗಳನ್ನು ಕೊಳ್ಳುವಾಗ ಹೆಚ್ಚಿನ ಎಚ್ಚರಿಕೆ ಬೇಕು. ವಿಂಡೋಸ್ ಯಂತ್ರಗಳಲ್ಲಿ ಇವುಗಳಿಂದ ಎರಡು ಪರದೆಗಳ ಮೇಲೆ ಎರಡು ಬೇರೆ ಚಿತ್ರಗಳನ್ನು ಮೂಡಿಸುವುದು ಸಾಧ್ಯ. ಆಪಲ್ಲಿನ ಮ್ಯಾಕ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಪರದೆಗಳ ಮೇಲೂ ಒಂದೇ ಚಿತ್ರ ಮೂಡುವುದು. ಅಲ್ಲದೆ ೨೦೨೦ರ ಎಂ೧ ಮತ್ತು ೨೦೨೨ರ ಎಂ೨ ಮ್ಯಾಕ್‌ಬುಕ್ ಏರುಗಳು ಹೊರಗಿನ ಒಂದು ಪರದೆಯನ್ನು ಮಾತ್ರ ನಡೆಸತಕ್ಕವು. ಡಿಸ್‌ಪ್ಲೇಲಿಂಕ್ ಎಂಬ ಬೇರೆ ಪದ್ಧತಿಯ ಸಾಧನಗಳಿಂದ ಈ ಮಿತಿಯನ್ನು ದಾಟಬಹುದಾದರೂ, ಅದಕ್ಕೆ ಪ್ರತ್ಯೇಕ ತಂತ್ರಾಂಶವನ್ನು ಯಂತ್ರದಲ್ಲಿ ಹಾಕಿಕೊಳ್ಳಬೇಕಾಗುವುದು.

ದತ್ತಾಂಶದ ವೇಗ

ಹಬ್ಬಿನ ಟೈಪ್-ಎ ಪೋರ್ಟುಗಳು ಎಲ್ಲವೂ ಒಂದೇ ವೇಗದವಲ್ಲ. ಯು.ಎಸ್.ಬಿ. ೨.೦ ಎಂಬುದು ೨೦೦೦ದ ಇಸವಿಯದು. ಅದರ ವೇಗ ಸೆಕೆಂಡಿಗೆ ೪೮೦ ಮೆಗಾಬಿಟ್. ೨೦೦೮ರ ಯು.ಎಸ್.ಬಿ. ೩.೦ರ ವೇಗ ೫ ಗಿಗಾಬಿಟ್. ಈ ೫ ಗಿಗಾಬಿಟ್ಟಿನದನ್ನೇ ಮುಂದೆ '೩.೧ ಜೆನ್ ೧' ಎಂದೂ, ಆಮೇಲೆ '೩.೨ ಜೆನ್ ೧' ಎಂದೂ ಕರೆದುದರಿಂದ ಒಂದೇ ಸಾಮಾನಿಗೆ ಮೂರು ಹೆಸರುಗಳಾಗಿವೆ. ಆದಕಾರಣ ಹೆಸರನ್ನು ಬಿಟ್ಟು, ಸೆಕೆಂಡಿಗೆ ಎಷ್ಟು ಗಿಗಾಬಿಟ್ ಎಂಬ ಅಂಕಿಯನ್ನೇ ಕೇಳಿ ಕೊಳ್ಳಬೇಕು. ಪೋರ್ಟಿನ ಒಳಗಿನ ನಾಲಗೆಯು ನೀಲಿ ಬಣ್ಣವಾಗಿದ್ದರೆ ವೇಗದ್ದೆಂದು ಹೇಳುವ ವಾಡಿಕೆಯುಂಟು. ಬಣ್ಣ ಬಳಿಯುವುದಕ್ಕೆ ಯಾವ ನಿರ್ಬಂಧವೂ ಇಲ್ಲವಾದ್ದರಿಂದ ಅದೊಂದನ್ನೇ ನಂಬಲಾಗದು.

ಕೀಲಿಮಣೆ, ಮೌಸು, ಪ್ರಿಂಟರು, ಹೆಬ್ಬೆರಳಿನ ಯಂತ್ರ ಇವುಗಳಿಗೆ ೪೮೦ ಮೆಗಾಬಿಟ್ಟಿನ ಪೋರ್ಟು ಧಾರಾಳವಾಗಿ ಸಾಕು. ಹೊರಡಿಸ್ಕಿಗೆ ಮಾತ್ರ ೫ ಗಿಗಾಬಿಟ್ಟಿನದು ಒಂದಾದರೂ ಇರಬೇಕು. ೨.೦ರ ಪೋರ್ಟಿನಲ್ಲಿ ವಾಸ್ತವವಾಗಿ ಸೆಕೆಂಡಿಗೆ ೪೦ ಮೆಗಾಬೈಟ್ ಹಾಯುವುದೆಂದು ಇಟ್ಟುಕೊಂಡರೆ, ೨೪ ಗಿಗಾಬೈಟಿನ ಕಡತಗಳನ್ನು ಪ್ರತಿ ಮಾಡಲು ೧೦ ನಿಮಿಷ ಹಿಡಿಯುವುದು. ವಿದ್ಯುತ್ತು ಆಗಾಗ್ಗೆ ಹೋಗಿಬರುವ ಗ್ರಾಮಗಳಲ್ಲಿ ಈ ಸಮಯವು ಎಷ್ಟು ಕಡಮೆಯಾದರೆ ಅಷ್ಟು ಕ್ಷೇಮ.

ತಂತಿಯ ಇಂಟರ್ನೆಟ್ಟಿಗೆ ಬೇಕಾದ ಈಥರ್‌ನೆಟ್ ಪೋರ್ಟುಗಳಲ್ಲಿ ಸೆಕೆಂಡಿಗೆ ೧೦೦ ಮೆಗಾಬಿಟ್ಟಿನವು, ೧,೦೦೦ ಮೆಗಾಬಿಟ್ಟಿನವು ಎಂಬ ಭೇದವಿದೆ. ಗ್ರಾಮಕ್ಕೆ ಬಂದಿರುವ ಸಂಪರ್ಕವೇ ೧೦೦ ಮೆಗಾಬಿಟ್ಟಿಗೆ ಒಳಪಟ್ಟಿದ್ದರೆ ಇಂಟರ್ನೆಟ್ಟಿನ ಮಟ್ಟಿಗೆ ಮೊದಲನೆಯದು ಸಾಕು. ಮೆಮೊರಿ ಕಾರ್ಡಿನ ರಂಧ್ರವು ಕ್ಯಾಮೆರಾದಲ್ಲಿ ಬೆಳೆಗಳ ಚಿತ್ರಗಳನ್ನು ತೆಗೆಯುವವರಿಗೆ ಉಪಯುಕ್ತ. ಉಳಿದವರು ಅದಕ್ಕಾಗಿ ಹೆಚ್ಚು ಬೆಲೆಯನ್ನು ತೆರಬೇಕಾದುದಿಲ್ಲ.

ಕವಚ, ಕೇಬಲ್ಲು ಮತ್ತು ಶಾಖ

ಕೆಲಸ ಮಾಡುತ್ತಿರುವ ಹಬ್ ಬೆಚ್ಚಗಾಗುವುದು ಸಹಜ. ಅಲ್ಯೂಮಿನಿಯಂ ಕವಚವು ಪ್ಲಾಸ್ಟಿಕ್ಕಿಗಿಂತ ಬೇಗನೆ ಶಾಖವನ್ನು ಹೊರಗೆ ಬಿಡುವುದಾದ್ದರಿಂದ ಅಂತಹದೇ ಮೇಲು. ಮುಟ್ಟಲಾಗದಷ್ಟು ಬಿಸಿಯಾದರೆ ಅಥವಾ ಸುಟ್ಟ ವಾಸನೆ ಬಂದರೆ ಆ ಕ್ಷಣವೇ ಕಿತ್ತು ಅಂಗಡಿಗೆ ಹಿಂತಿರುಗಿಸತಕ್ಕದ್ದು. ಹಬ್ಬಿನ ಕೇಬಲ್ಲು ಪೆಟ್ಟಿಗೆಗೆ ಸೇರುವ ಬುಡದಲ್ಲಿ ಮೊದಲು ಸವೆಯುವುದು. ಆ ಜಾಗದಲ್ಲಿ ದಪ್ಪನೆಯ ಆಸರೆಯಿದೆಯೇ ಎಂದು ನೋಡಬೇಕು. ಕೇಬಲ್ಲಿಲ್ಲದೆ ನೇರವಾಗಿ ಲ್ಯಾಪ್‌ಟಾಪಿನ ಪಕ್ಕಕ್ಕೆ ಅಂಟಿಕೊಳ್ಳುವ ಹಬ್ಬುಗಳು ಚೆಂದವಾಗಿ ಕಂಡರೂ, ಅವುಗಳ ಭಾರವೂ ಎಳೆತವೂ ಲ್ಯಾಪ್‌ಟಾಪಿನ ಪೋರ್ಟಿನ ಮೇಲೆಯೇ ಬೀಳುವುದು. ಹಬ್ ಮುರಿದರೆ ಹೊಸದನ್ನು ಕೊಳ್ಳಬಹುದು. ಪೋರ್ಟು ಮುರಿದರೆ ಲ್ಯಾಪ್‌ಟಾಪೇ ರಿಪೇರಿಗೆ ಹೋಗಬೇಕು.

ಯು.ಎಸ್.ಬಿ. ೩.೦ರ ಪೋರ್ಟುಗಳು ಕೆಲಸ ಮಾಡುವಾಗ ಹೊರಡುವ ಸೂಕ್ಷ್ಮ ತರಂಗಗಳು, ೨.೪ ಗಿಗಾಹರ್ಟ್ಸಿನಲ್ಲಿ ನಡೆಯುವ ವೈಫೈಗೂ ತಂತಿಯಿಲ್ಲದ ಮೌಸಿಗೂ ಅಡ್ಡಿಯಾಗುವುವೆಂದು ಇಂಟೆಲ್ ಕಂಪನಿಯವರು ೨೦೧೨ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಡಿಸ್ಕನ್ನು ಹಾಕಿದೊಡನೆ ಮೌಸು ತಡವರಿಸಿದರೆ ಇದೇ ಕಾರಣವಿರಬಹುದು. ಮೌಸಿನ ಪುಟ್ಟ ರಿಸೀವರನ್ನು ಒಂದು ಉದ್ದ ಕೇಬಲ್ಲಿನ ಮೂಲಕ ಹಬ್ಬಿನಿಂದ ಒಂದೆರಡು ಅಡಿ ದೂರವಿಟ್ಟರೆ ತೊಂದರೆ ಬಹುಮಟ್ಟಿಗೆ ನಿಲ್ಲುವುದು.

ಕೊಂಡ ದಿನದ ಪರೀಕ್ಷೆ

ಬಿಲ್ಲಿಲ್ಲದೆ ಹಬ್ಬನ್ನು ಕೊಳ್ಳಲಾಗದು. ಸರಕಿನಲ್ಲಿ ದೋಷವಿದ್ದು ಅಂಗಡಿಯವರು ಪರಿಹಾರ ಮಾಡದಿದ್ದಲ್ಲಿ, ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಬಿಲ್ಲೇ ಮುಖ್ಯ ಆಧಾರ. ಹಬ್ಬಿನ ಜೊತೆಗೆ ಹೊಸ ಚಾರ್ಜರನ್ನೂ ಕೊಳ್ಳುವುದಾದರೆ, ಅದರ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತೂ, 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರುವುದನ್ನು ನೋಡಿ ಕೊಳ್ಳತಕ್ಕದ್ದು.

ಮನೆಗೆ ತಂದ ದಿನವೇ ಪಟ್ಟಿಯಲ್ಲಿರುವ ಸಕಲ ವಸ್ತುಗಳನ್ನೂ ಒಟ್ಟಿಗೆ ಜೋಡಿಸಿ ಪರೀಕ್ಷಿಸಬೇಕು. ಒಂದೊಂದನ್ನೇ ಸಿಕ್ಕಿಸಿ ನೋಡಿದರೆ ಎಲ್ಲವೂ ಸರಿಯಾಗಿರುವಂತೆ ಕಾಣುವುದು. ಕೊರತೆ ಹೊರಬೀಳುವುದು ಎಲ್ಲವೂ ಒಮ್ಮೆಗೇ ನಡೆಯುವಾಗ. ಚಾರ್ಜರನ್ನು ಹಾಕಿ, ಪರದೆಯಲ್ಲಿ ಚಿತ್ರವನ್ನು ಮೂಡಿಸಿ, ಡಿಸ್ಕಿಗೆ ಒಂದು ದೊಡ್ಡ ಕಡತವನ್ನು ಪ್ರತಿ ಮಾಡುತ್ತಾ, ಅದೇ ಕಾಲದಲ್ಲಿ ಪ್ರಿಂಟರಿನಲ್ಲಿ ಒಂದು ಹಾಳೆಯನ್ನು ಮುದ್ರಿಸಬೇಕು. ಹೀಗೆ ಅರ್ಧ ಗಂಟೆ ನಡೆಸಿದರೂ ಯಾವುದೂ ಕಡಿದುಹೋಗದೆ, ಬ್ಯಾಟರಿಯ ಅಂಕಿಯು ಇಳಿಯದೆ ಇದ್ದರೆ ಹಬ್ ತಕ್ಕದ್ದೆಂದು ತಿಳಿಯಬಹುದು. ಈ ಪರೀಕ್ಷೆಗೆ ನಿಜವಾದ ಲೆಕ್ಕದ ಕಡತವನ್ನು ಉಪಯೋಗಿಸದೆ, ಹೋದರೂ ನಷ್ಟವಿಲ್ಲದ ಕಡತವನ್ನೇ ಉಪಯೋಗಿಸತಕ್ಕದ್ದು.

ಉಪಯೋಗಿಸುವ ಕ್ರಮ

ಹಬ್ಬಿನ ಉಪಯೋಗದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಹಬ್ಬಿಗೆ ಚಾರ್ಜರನ್ನು ಸಿಕ್ಕಿಸುವಾಗ ಅಥವಾ ಕೀಳುವಾಗ ಲ್ಯಾಪ್‌ಟಾಪೂ ಹಬ್ಬೂ ಶಕ್ತಿಯ ವಿಷಯದಲ್ಲಿ ಹೊಸದಾಗಿ ಒಪ್ಪಂದ ಮಾಡಿಕೊಳ್ಳುವುವು. ಆ ಒಂದೆರಡು ಸೆಕೆಂಡುಗಳಲ್ಲಿ ಅನೇಕ ಹಬ್ಬುಗಳು ತಮಗೆ ಜೋಡಿಸಿರುವ ವಸ್ತುಗಳನ್ನೆಲ್ಲ ಕೈಬಿಟ್ಟು ಮತ್ತೆ ಹಿಡಿಯುವುವು. ಮೌಸಿಗಾಗಲಿ ಪರದೆಗಾಗಲಿ ಇದರಿಂದ ಹಾನಿಯಿಲ್ಲ. ಆದರೆ ಆ ವೇಳೆಯಲ್ಲಿ ಡಿಸ್ಕಿನ ಮೇಲೆ ಲೆಕ್ಕವು ಬರೆಯಲ್ಪಡುತ್ತಿದ್ದರೆ ಅರ್ಧ ಬರೆದ ಕಡತವು ಕೆಡುವುದು. ಕೆಲವು ಸಮಯಗಳಲ್ಲಿ ಡಿಸ್ಕಿನಲ್ಲಿರುವ ಇತರ ಕಡತಗಳೂ ತೆರೆಯದೆ ಹೋಗಬಹುದು. ಆದಕಾರಣ ಪ್ರತಿ ಮಾಡುವ ಕೆಲಸ ನಡೆಯುತ್ತಿರುವಾಗ ಚಾರ್ಜರನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು. ವಿದ್ಯುತ್ತು ಹೋದಾಗಲೂ ಇದೇ ವಿಪತ್ತು ಒದಗುವುದರಿಂದ, ವಿದ್ಯುತ್ತಿನ ನಂಬಿಕೆಯಿಲ್ಲದ ಕಡೆಗಳಲ್ಲಿ ಚಾರ್ಜರನ್ನು ಯು.ಪಿ.ಎಸ್.ಗೆ ಜೋಡಿಸುವುದು ಒಂದು ಉಪಾಯ. ಲ್ಯಾಪ್‌ಟಾಪಿನಲ್ಲಿ ಎರಡು ಪೋರ್ಟುಗಳಿದ್ದರೆ ಚಾರ್ಜರನ್ನು ಒಂದಕ್ಕೆ ನೇರವಾಗಿಯೂ ಹಬ್ಬನ್ನು ಮತ್ತೊಂದಕ್ಕೂ ಹಾಕುವುದು ಇನ್ನೊಂದು ಉಪಾಯ. ಇದರಲ್ಲಿ ಡಿಸ್ಕಿನ ಶಕ್ತಿಯು ಲ್ಯಾಪ್‌ಟಾಪಿನಿಂದಲೇ ಬರುವುದಾದ್ದರಿಂದ, ಮೇಲೆ ಹೇಳಿದ ವ್ಯಾಟಿನ ಲೆಕ್ಕವು ಸರಿಹೋಗುವುದೇ ಎ೦ದು ನೋಡಿಕೊಳ್ಳತಕ್ಕದ್ದು.

ಹಬ್ಬನ್ನು ಲ್ಯಾಪ್‌ಟಾಪಿನಿಂದ ತೆಗೆಯುವುದಕ್ಕೆ ಮೊದಲು ಡಿಸ್ಕು ಮತ್ತು ಪೆನ್‌ಡ್ರೈವುಗಳನ್ನು 'ಇಜೆಕ್ಟ್' ಎಂಬ ಆಜ್ಞೆಯಿಂದ ಬಿಡುಗಡೆ ಮಾಡತಕ್ಕದ್ದು. ಒಂದು ಹಬ್ಬಿಗೆ ಮತ್ತೊಂದು ಹಬ್ಬನ್ನು ಸರಪಣಿಯಂತೆ ಜೋಡಿಸುತ್ತಾ ಹೋಗಬಾರದು. ಒಕ್ಕಣೆಯ ಕಾಲದಲ್ಲಿ ಕಣದ ಧೂಳು ಕಚೇರಿಯವರೆಗೂ ಬರುವುದಾದ್ದರಿಂದ, ಉಪಯೋಗವಿಲ್ಲದ ವೇಳೆಯಲ್ಲಿ ಹಬ್ಬನ್ನು ಚೀಲದಲ್ಲಿ ಇಡುವುದು ಒಳ್ಳೆಯದು.

ಸಂಗ್ರಹ

ಮೇಲೆ ಹೇಳಿದ ವಿಷಯಗಳನ್ನು ಕೊಳ್ಳುವವರ ಅನುಕೂಲಕ್ಕಾಗಿ ಕೆಳಗೆ ಸಂಗ್ರಹಿಸಿದೆ:—

(೧) ಯಂತ್ರದ ಪೋರ್ಟಿನಲ್ಲಿ ಚಾರ್ಜು, ಚಿತ್ರ, ದತ್ತಾಂಶ ಇವುಗಳಲ್ಲಿ ಯಾವುವು ಹಾಯುವುವೆಂದು ಮೊದಲು ತಿಳಿಯಬೇಕು.

(೨) ಜೋಡಿಸಬೇಕಾದ ವಸ್ತುಗಳನ್ನೂ ಅವುಗಳ ತುದಿಗಳನ್ನೂ ಬರೆದುಕೊಂಡು ಅಂಗಡಿಗೆ ಹೋಗಬೇಕು. ಪಟ್ಟಿಯಲ್ಲಿಲ್ಲದ ಪೋರ್ಟಿಗೆ ಹಣ ತೆರಬೇಕಾದುದಿಲ್ಲ.

(೩) ಹಬ್ ಹಿಡಿದಿಡುವ ೧೫ ವ್ಯಾಟನ್ನು ಲೆಕ್ಕಕ್ಕೆ ಸೇರಿಸಿ ಚಾರ್ಜರನ್ನು ನಿಶ್ಚಯಿಸಬೇಕು.

(೪) ದೊಡ್ಡ ೪ಕೆ ಪರದೆಗೆ ೬೦ ಹರ್ಟ್ಸಿನ ಹಬ್ಬು. ಸಭೆಯ ಪ್ರೊಜೆಕ್ಟರಿಗೆ ಸಾಧಾರಣವಾದುದು.

(೫) ಹೊರಡಿಸ್ಕಿಗೆ ೫ ಗಿಗಾಬಿಟ್ಟಿನ ಪೋರ್ಟು ಒಂದಾದರೂ ಇರಬೇಕು.

(೬) ಬಿಲ್ಲನ್ನು ಪಡೆದು, ತಂದ ದಿನವೇ ಎಲ್ಲವನ್ನೂ ಒಟ್ಟಿಗೆ ಜೋಡಿಸಿ ಅರ್ಧ ಗಂಟೆ ಪರೀಕ್ಷಿಸಬೇಕು.

(೭) ಲೆಕ್ಕವನ್ನು ಪ್ರತಿ ಮಾಡುತ್ತಿರುವಾಗ ಹಬ್ಬಿನ ಚಾರ್ಜರನ್ನು ಕೀಳಲೂಬಾರದು, ಸಿಕ್ಕಿಸಲೂಬಾರದು.

ಸಂಘದ ಹಣವು ಸದಸ್ಯರೆಲ್ಲರಿಗೂ ಸೇರಿದ್ದು. ಅದರ ಲೆಕ್ಕವೂ ಅವರೆಲ್ಲರಿಗೂ ಸೇರಿದ್ದು. ಸಂಘಗಳ ಕಾರ್ಯದರ್ಶಿಗಳು ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಯ ಲ್ಯಾಪ್‌ಟಾಪಿನ ಬಳಿ ಅಂಟಿಸಿಟ್ಟರೆ, ಅವರ ತರುವಾಯ ಆ ಮೇಜಿಗೆ ಬರುವವರಿಗೂ ಪ್ರಯೋಜನವಾಗುವುದು.